ಹಳೆ ಕಟ್ಟಡ, ಹೊಸ ಕೆಲಸ: ನೋಡಿ ಬಂದವರಿಗೆ ಖುಷಿಯಾಯಿತೇ?

ಅರವತ್ತಾದರೆ ಆಫೀಸಿನಿಂದ ನಿವೃತ್ತಿ. ಹಾರ ಹಾಕಿ, ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು ಮನೆಗೆ ಕಳಿಸುತ್ತಾರೆ. ಆದರೆ ಯಾವ ಅಜ್ಜ ಸುಮ್ಮನೆ ಕೂತದ್ದನ್ನು ನೀವು ನೋಡಿದ್ದೀರಿ? ಮಾರನೆಯ ದಿನದಿಂದಲೇ ಮೊಮ್ಮಕ್ಕಳನ್ನು ಶಾಲೆಗೆ ಬಿಡುವುದು, ಹಾಲು ತರುವುದು, ಗಿಡಕ್ಕೆ ನೀರು ಹಾಕುವುದು, ಲೆಕ್ಕ ಹೇಳಿಕೊಡುವುದು ಎಂದು ಹೊಸ ಕೆಲಸ ಶುರುವಾಗುತ್ತದೆ.

ಊರಿನ ಕಟ್ಟಡಗಳಿಗೂ ಹೀಗೊಂದು ನಿವೃತ್ತಿ ಬರುತ್ತದೆ ಪುಟಾಣಿಗಳೇ. ರಾಜರ ಆಳ್ವಿಕೆ ಮುಗಿದ ಮೇಲೆ ಅಷ್ಟೊಂದು ಅರಮನೆಗಳಿಗೆ ಏನು ಕೆಲಸ? ಜೈಲು ಊರಾಚೆಗೆ ಹೋದ ಮೇಲೆ ಊರ ನಡುವಿನ ಜೈಲಿನ ಗೋಡೆಗಳನ್ನು ಏನು ಮಾಡುವುದು? ಕೆಡವಿ ಅಂಗಡಿ ಸಾಲು ಕಟ್ಟಬಹುದು. ಇಲ್ಲವೇ ಹಳೆಯ ಕಟ್ಟಡಕ್ಕೆ ಹೊಸ ಕೆಲಸ ಕೊಡಬಹುದು. ನಮ್ಮ ರಾಜ್ಯದಲ್ಲಿ ಹೀಗೆ ಹೊಸ ಕೆಲಸ ಹಿಡಿದ ಕಟ್ಟಡಗಳು ಹಲವು.

ಬೆಂಗಳೂರಿನ ಅಠಾರಾ ಕಚೇರಿಯನ್ನೇ ನೋಡಿ. ವಿಧಾನಸೌಧದ ಎದುರಿಗಿರುವ ಕೆಂಪು ಬಣ್ಣದ ಉದ್ದನೆಯ ಕಟ್ಟಡ ಅದು. 1868ರಲ್ಲಿ ಮುಗಿದ ಈ ಕಟ್ಟಡದಲ್ಲಿ ಸರ್ಕಾರದ ಹದಿನೆಂಟು ಇಲಾಖೆಗಳಿದ್ದವು. ಹಿಂದೂಸ್ತಾನಿಯಲ್ಲಿ ‘ಅಠಾರಾ’ ಎಂದರೆ ಹದಿನೆಂಟು. ಹೆಸರು ಬಂದದ್ದು ಹಾಗೆ. 1956ರಲ್ಲಿ ಎದುರಿಗೆ ವಿಧಾನಸೌಧ ಎದ್ದು ನಿಂತಿತು. ಇಲಾಖೆಗಳು ರಸ್ತೆ ದಾಟಿ ಅಲ್ಲಿಗೆ ಹೋದವು. ಇಂದು ಅಠಾರಾ ಕಚೇರಿಯಲ್ಲಿರುವುದು ಹೈಕೋರ್ಟು. 1980ರ ದಶಕದಲ್ಲಿ ಈ ಕಟ್ಟಡವನ್ನೇ ಕೆಡವುವ ಮಾತು ಬಂದಾಗ, ಬೇಡವೆಂದು ನಾಗರಿಕರು ಕೋರ್ಟಿನ ಮೆಟ್ಟಿಲು ಹತ್ತಿದರು. ಆ ಕೋರ್ಟು ಇದ್ದದ್ದು ಅದೇ ಕಟ್ಟಡದಲ್ಲಿ! ತನ್ನ ಅಳಿವು ಉಳಿವಿನ ವಾದವನ್ನು ಕಟ್ಟಡ ತಾನೇ ಕೇಳಿಸಿಕೊಂಡಂತಾಯಿತು.

ಅಠಾರಾ ಕಚೇರಿಗೆ ನಾವು ನೋಡಲೆಂದು ಹೋಗುವುದಿಲ್ಲ. ಆದರೆ ಉದ್ಯಾನವಾದ ಜೈಲು, ಚಿತ್ರಶಾಲೆಯಾದ ಅರಮನೆ, ಮ್ಯೂಸಿಯಂ ಆದ ಬಂಗಲೆಗಳಿಗೆ ರಜೆ ಬಂದಾಗ ಮನೆಮಂದಿಯೆಲ್ಲ ಹೊರಡುತ್ತೇವೆ. ಟಿಕೆಟ್ ತೆಗೆದುಕೊಳ್ಳುತ್ತೇವೆ, ನೋಡುತ್ತೇವೆ, ಹೊರಗೆ ಬಂದು ಕಡಲೆಕಾಯಿ ತಿಂದು ಮನೆಗೆ ಮರಳುತ್ತೇವೆ. ಕೆಲವು ಕಡೆ ಹೋಗಿ ಬಂದರೆ ವಾರಗಟ್ಟಲೆ ಅದೇ ಮಾತು. ಇನ್ನು ಕೆಲವು ಕಡೆಯಿಂದ ಬಂದ ಮರುದಿನವೇ ಎಲ್ಲ ಮರೆತುಹೋಗಿರುತ್ತದೆ. ಯಾಕೆ ಹೀಗೆ? ಬನ್ನಿ, ಎರಡು ಊರುಗಳ ನಾಲ್ಕು ಕಟ್ಟಡಗಳನ್ನು ಸುತ್ತಿ ಬರೋಣ.

ಗೋಡೆ ಇಳಿಸಿದ ಜೈಲು

ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಸ್ವಾತಂತ್ರ್ಯ ಉದ್ಯಾನವಿದೆ. ಎಲ್ಲರ ಬಾಯಲ್ಲಿ ಅದು ಫ್ರೀಡಂ ಪಾರ್ಕ್. ಅಲ್ಲಿದ್ದದ್ದು 1867ರಲ್ಲಿ ಆರಂಭವಾದ ಸೆಂಟ್ರಲ್ ಜೈಲು. 2000ದಲ್ಲಿ ಕೈದಿಗಳನ್ನು ಪರಪ್ಪನ ಅಗ್ರಹಾರದ ಹೊಸ ಜೈಲಿಗೆ ಸಾಗಿಸಿದರು. 2008ರ ನವೆಂಬರಿನಲ್ಲಿ ಹಳೆಯ ಜೈಲಿನ ಜಾಗ ಉದ್ಯಾನವಾಗಿ ಜನರಿಗೆ ತೆರೆಯಿತು.

ನಡುವೆ ಒಂದು ಕಾವಲು ಗೋಪುರ. ಅದರ ಸುತ್ತ ಸೈಕಲ್ ಚಕ್ರದ ಕಡ್ಡಿಗಳಂತೆ ಹರಡಿಕೊಂಡ ಬ್ಯಾರಕ್ಕುಗಳು. ಕಟ್ಟಿದವರ ಲೆಕ್ಕಾಚಾರ ಸರಳ: ಗೋಪುರದ ಮೇಲೆ ಒಬ್ಬ ಕಾವಲುಗಾರ ನಿಂತರೆ ಸುತ್ತಲಿನ ಎಲ್ಲ ಕಡೆಯೂ ಅವನ ಕಣ್ಣಿಗೆ ಬೀಳಬೇಕು. ಕೈದಿಗೆ ಮಾತ್ರ, ಅವನು ತನ್ನನ್ನು ನೋಡುತ್ತಿದ್ದಾನೋ ಇಲ್ಲವೋ ಎಂಬುದು ತಿಳಿಯಬಾರದು. ಇಂದು ಅದೇ ಗೋಪುರದ ಬುಡದಲ್ಲಿ ಮಕ್ಕಳು ಓಡಾಡುತ್ತಾರೆ.

1975ರ ಜೂನ್ ತಿಂಗಳಲ್ಲಿ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಜನರ ಹಲವು ಹಕ್ಕುಗಳನ್ನು ತಡೆಹಿಡಿದರು, ವಿರೋಧ ಪಕ್ಷಗಳ ನಾಯಕರನ್ನು ಬಂಧಿಸಿದರು. ಆಗ ಸಂಸತ್ತಿನ ಸಮಿತಿಯೊಂದರ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮನಂದನ ಮಿಶ್ರ ಅವರನ್ನು ಇದೇ ಜೈಲಿನಲ್ಲಿಟ್ಟರು. ಅವರಲ್ಲೊಬ್ಬರು ಮುಂದೆ ದೇಶದ ಪ್ರಧಾನಿಯಾದರು. ಈಗ ಈ ಉದ್ಯಾನದ ಒಂದು ಭಾಗವನ್ನು ಪ್ರತಿಭಟನೆಗೆಂದೇ ಬಿಟ್ಟಿದ್ದಾರೆ. ಮಾತಾಡಿದವರನ್ನು ಕೂಡಿಹಾಕಿದ್ದ ಜಾಗದಲ್ಲೇ ಜನ ಇಂದು ಮೈಕು ಹಿಡಿದು ತಮ್ಮ ಬೇಡಿಕೆ ಹೇಳುತ್ತಾರೆ. ಹಳೆ ಕಟ್ಟಡಕ್ಕೆ ಇದಕ್ಕಿಂತ ಅರ್ಥವುಳ್ಳ ಹೊಸ ಕೆಲಸ ಹುಡುಕುವುದು ಕಷ್ಟ.

ಇಂಥ ಜಾಗಕ್ಕೆ ಬರುವವರೆಲ್ಲ ಒಂದೇ ಆಸೆ ಇಟ್ಟುಕೊಂಡು ಬರುವುದಿಲ್ಲ. ಬೆಳಗಿನ ವಾಕಿಂಗಿಗೆ ಬಂದ ತಾತನಿಗೆ ಮರದ ನೆರಳು ಮತ್ತು ಕೂರಲು ಬೆಂಚು ಸಿಕ್ಕರೆ ಸಮಾಧಾನ. ಚರಿತ್ರೆ ಪಾಠ ಓದಿ ಬಂದ ಹುಡುಗಿಗೆ ಹಾಗಲ್ಲ. ಯಾವ ಕೋಣೆ, ಎಷ್ಟು ಅಗಲ, ಕಿಟಕಿ ಎಷ್ಟು ಎತ್ತರ, ಒಳಗೆ ಕತ್ತಲೆ ಎಷ್ಟಿತ್ತು ಎಂದು ಅವಳಿಗೆ ತಿಳಿಯಬೇಕು. ಉದ್ಯಾನದಲ್ಲಿ ಹುಲ್ಲುಹಾಸು ಎಷ್ಟೇ ಚೆನ್ನಾಗಿದ್ದರೂ ಅವಳ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅವಳ ಮಟ್ಟಿಗೆ ಆ ದಿನ ಅರ್ಧ ಖಾಲಿ.

ಪ್ರವಾಸ ಹೋದವರ ಖುಷಿಯ ಬಗ್ಗೆ ಅಧ್ಯಯನ ಮಾಡುವವರು ಮೊದಲು ಕೇಳುವುದು ಇದನ್ನೇ: ಏನು ಸಿಗುತ್ತದೆ ಎಂದುಕೊಂಡು ಬಂದಿರಿ? ಏನು ಸಿಕ್ಕಿತು? ಅಂದುಕೊಂಡದ್ದಕ್ಕಿಂತ ಹೆಚ್ಚು ಸಿಕ್ಕರೆ ತೃಪ್ತಿ, ಕಡಿಮೆಯಾದರೆ ಬೇಸರ. ಹೀಗಾಗಿ ಒಂದೇ ಜಾಗಕ್ಕೆ ಒಂದೇ ದಿನ ಹೋದ ಅಜ್ಜ ಖುಷಿಯಾಗಿಯೂ ಮೊಮ್ಮಗಳು ಸಪ್ಪೆ ಮುಖ ಹಾಕಿಕೊಂಡೂ ಬರಬಹುದು.

ಕತ್ತಲ ಕೋಣೆಯ ದೀಪ

ಈಗ ಮೈಸೂರಿಗೆ ಹೋಗೋಣ. ಜಗನ್ಮೋಹನ ಅರಮನೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದರು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮರದ ದೊಡ್ಡ ಅರಮನೆಗೆ ಬೆಂಕಿ ಬಿತ್ತು. ಹೊಸ ಅರಮನೆ ಸಿದ್ಧವಾದದ್ದು 1912ರಲ್ಲಿ. ಅಲ್ಲಿಯವರೆಗೆ ರಾಜಮನೆತನಕ್ಕೆ ಆಸರೆಯಾದದ್ದು ಜಗನ್ಮೋಹನ. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರ ವಹಿಸಿಕೊಟ್ಟ ಸಮಾರಂಭ ಇಲ್ಲೇ ನಡೆಯಿತು. ವೈಸರಾಯ್ ಲಾರ್ಡ್ ಕರ್ಜನ್ ಅದಕ್ಕೆಂದು ಮೈಸೂರಿಗೆ ಬಂದಿದ್ದ. ಹೊಸ ಅರಮನೆ ಎದ್ದ ಮೇಲೆ ಜಗನ್ಮೋಹನಕ್ಕೆ ನಿವೃತ್ತಿ. 1915ರಲ್ಲಿ ಅದು ಚಿತ್ರಶಾಲೆಯಾಯಿತು. ಒಂದು ನೂರು ವರ್ಷಕ್ಕೂ ಮೀರಿ ಅದು ಮಾಡುತ್ತಿರುವುದು ಈ ಎರಡನೆಯ ಕೆಲಸವನ್ನೇ!

ಇಲ್ಲಿ ರವಿವರ್ಮನ ಚಿತ್ರಗಳಿವೆ. ಗಂಟೆಗೊಮ್ಮೆ ಪುಟ್ಟ ಸೈನಿಕರು ಕವಾಯತು ಮಾಡುವಂತೆ ರಚಿಸಿದ ಫ್ರೆಂಚ್ ಗಡಿಯಾರವಿದೆ. ಮೇಲಿನ ರಂಗಮಹಲಿನ ಗೋಡೆಗಳ ಮೇಲೆ ಒಡೆಯರ ವಂಶವೃಕ್ಷ, ದಸರಾ ಮೆರವಣಿಗೆಯ ಚಿತ್ರಗಳಿವೆ. ಆದರೆ ಹೋಗಿ ಬಂದ ಯಾರನ್ನೇ ಕೇಳಿ, ಬಹುಮಂದಿ ಮೊದಲು ಹೇಳುವುದು ‘ದೀಪ ಹಿಡಿದ ಹೆಂಗಸಿನ ಚಿತ್ರ’ದ ಸಂಗತಿ.

ಆ ಚಿತ್ರವನ್ನು ಬರೆದವರು ಎಸ್.ಎಲ್. ಹಲ್ದಂಕರ್. ರವಿವರ್ಮನದೆಂದು ತಿಳಿದುಕೊಂಡವರು ಇಂದಿಗೂ ಇದ್ದಾರೆ. ಹಲ್ದಂಕರ್ ತಮ್ಮ ಮಗಳು ಗೀತಾಳನ್ನೇ ಎದುರು ನಿಲ್ಲಿಸಿಕೊಂಡು ಜಲವರ್ಣದಲ್ಲಿ ಅದನ್ನು ಬರೆದರು. ಜಲವರ್ಣದಲ್ಲಿ ತಪ್ಪಾದರೆ ಅಳಿಸಿ ತಿದ್ದುವುದು ಬಹಳ ಕಷ್ಟ. ಚಿತ್ರ ಬಿಡಿಸುವ ಮಕ್ಕಳಿಗೆ ಇದು ಗೊತ್ತು. ಚಿತ್ರಶಾಲೆಯವರು ಅದನ್ನು ಇಟ್ಟಿರುವುದು ಬೆಳಕು ಕಡಿಮೆ ಮಾಡಿದ ಕೋಣೆಯಲ್ಲಿ. ಒಳಗೆ ಹೋದವರ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತಿದ್ದಂತೆ ಚಿತ್ರದ ದೀಪ ನಿಜವಾಗಿ ಉರಿಯುತ್ತಿದೆ ಎನಿಸುತ್ತದೆ. ಬೆರಳುಗಳ ನಡುವಿನ ಕೆಂಪು, ಮುಖದ ಮೇಲಿನ ಹೊಳಪು ಎಲ್ಲ ಒಂದೊಂದಾಗಿ ಕಾಣುತ್ತದೆ.

ಅದೇ ಚಿತ್ರವನ್ನು ಟ್ಯೂಬ್‌ಲೈಟ್ ಕೆಳಗೆ, ನೂರು ಚಿತ್ರಗಳ ಸಾಲಿನಲ್ಲಿ ನೇತುಹಾಕಿದ್ದರೆ? ಚಿತ್ರ ಅದೇ, ಬಣ್ಣ ಅದೇ. ಆದರೆ ಮುಂದೆ ಹೋಗುವ ಗಡಿಬಿಡಿಯಲ್ಲಿ ಬಹಳ ಜನ ದಾಟಿಬಿಡುತ್ತಿದ್ದರು. ನೋಡಲು ಬಂದವರಿಗೆ ಎಲ್ಲವನ್ನೂ ತೋರಿಸಿದರೆ ತೃಪ್ತಿ ಆಗುತ್ತದೆ ಎಂದೇನಿಲ್ಲ. ಒಂದನ್ನು ಚೆನ್ನಾಗಿ ತೋರಿಸಿದರೂ ಮನಸ್ಸು ತುಂಬುತ್ತದೆ.

ಅಜ್ಜಿಯೇ ಗೈಡ್

ಮದುವೆಯ ಹೊತ್ತಿಗೆ ಅರಮನೆಗೆ ಬೆಂಕಿ ಬಿದ್ದ ಕತೆ ಹೇಳಿದೆವಲ್ಲ, ಆ ಜಯಲಕ್ಷ್ಮಮ್ಮಣ್ಣಿಯವರಿಗಾಗಿಯೇ 1905ರಲ್ಲಿ ಕಟ್ಟಿದ ಭವ್ಯ ಬಂಗಲೆ ಜಯಲಕ್ಷ್ಮೀ ವಿಲಾಸ. ಅದು ಈಗಿನ ಮಾನಸಗಂಗೋತ್ರಿಯಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದ ಕೈಗೆ ಬಂದ ಮೇಲೆ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ನೆಲೆಗೊಂಡಿತು. ರಾಜಕುಮಾರಿಯ ಮನೆಯೊಳಗೆ ಹಳ್ಳಿಯವರ ಬೇಸಾಯದ ಸಲಕರಣೆ, ಅಡುಗೆಯ ಪಾತ್ರೆಪಡಗ, ಸೂತ್ರದ ಗೊಂಬೆ, ಕುಣಿತದವರ ವೇಷಭೂಷಣ ಬಂದು ಕೂತವು. ರಾಜವೈಭವದ ಕಂಬಗಳ ನಡುವೆ ರೈತನ ಮನೆಯ ಸಾಮಾನು!

ಇಂಥ ಸಂಗ್ರಹಾಲಯಗಳಲ್ಲಿ ಒಂದು ವಿಚಿತ್ರ ನಡೆಯುತ್ತದೆ, ಗಮನಿಸಿ. ಗಾಜಿನ ಹಿಂದಿನ ವಸ್ತುವಿನ ಮುಂದೆ ಮಗು ನಿಂತು ಚೀಟಿ ಓದುತ್ತದೆ. ಅಜ್ಜಿ ಚೀಟಿ ಓದುವುದೇ ಇಲ್ಲ. “ಇದು ನಮ್ಮ ತೌರುಮನೆಯಲ್ಲಿ ಇತ್ತು ಕಣೋ” ಎನ್ನುತ್ತಾಳೆ. ಹೇಗೆ ಹಿಡಿಯುತ್ತಿದ್ದರು, ಎಷ್ಟು ಭಾರ, ಯಾರಿಗೆ ಕೈ ಬೊಬ್ಬೆ ಬರುತ್ತಿತ್ತು, ಯಾವ ಹಬ್ಬಕ್ಕೆ ಅದನ್ನು ಹೊರಗೆ ತೆಗೆಯುತ್ತಿದ್ದರು ಎಂಬುದೆಲ್ಲ ಅವಳಿಗೆ ಗೊತ್ತು. ಯಾವ ಚೀಟಿಯಲ್ಲೂ ಅದು ಬರೆದಿರುವುದಿಲ್ಲ. ಎರಡೇ ನಿಮಿಷದಲ್ಲಿ ಪಕ್ಕದ ಮನೆಯವರ ಮಕ್ಕಳೂ ಅಜ್ಜಿಯ ಸುತ್ತ ಸೇರಿರುತ್ತಾರೆ.

ಈ ಮಾತಿನಲ್ಲೇ ನಮ್ಮ ಪ್ರಶ್ನೆಯ ಉತ್ತರವಿದೆ. ಹೊಸ ಕೆಲಸ ಹಿಡಿದ ಹಳೆ ಕಟ್ಟಡ ನಮಗೆ ಇಷ್ಟವಾಗುವುದು, ಅದರ ಹಿಂದಿನ ಬದುಕು ಇಂದಿನ ಬದುಕಿನೊಳಗೆ ಕಾಣಿಸಿದಾಗ. ಕಾಣಿಸುವುದು ಕಾವಲು ಗೋಪುರದಿಂದ ಇರಬಹುದು, ಒಂದು ಒಳ್ಳೆಯ ಫಲಕದಿಂದ ಇರಬಹುದು, ಅಥವಾ ಜೊತೆಗೆ ಬಂದ ಅಜ್ಜಿಯ ಬಾಯಿಂದ ಇರಬಹುದು.

ಇಲ್ಲೊಂದು ಚಿಂತೆಯೂ ಇದೆ. ಸೆಂಟ್ರಲ್ ಜೈಲಿನ ಎತ್ತರದ ಗೋಡೆಯ ಪಕ್ಕ ನಡೆದು ಆಫೀಸಿಗೆ ಹೋದವರು, ಜೈಲಿನಲ್ಲಿದ್ದ ಬಂಧುವಿಗೆ ಊಟ ಕೊಂಡೊಯ್ದವರು, ಸಂಗ್ರಹಾಲಯ ಸೇರಿದ ಸಾಮಾನನ್ನು ಕೈಯಾರೆ ಬಳಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಇನ್ನು ಇಪ್ಪತ್ತು ಮೂವತ್ತು ವರ್ಷ ಕಳೆದರೆ ಹಾಗೆ ಹೇಳುವವರು ಇರುವುದಿಲ್ಲ. ಆಗ ಉಳಿಯುವುದು ಗೋಡೆ ಮತ್ತು ಫಲಕ. ಫಲಕದಲ್ಲಿ ಇಸವಿ ಮತ್ತು ಹೆಸರು ಮಾತ್ರ ಇದ್ದರೆ ಉಳಿದದ್ದೆಲ್ಲ ಹೋದಂತೆಯೇ.

ಮೊಣಕಾಲೂ ಮಾತಾಡುತ್ತದೆ

ಚರಿತ್ರೆ ಎಷ್ಟೇ ರೋಚಕವಾಗಿರಲಿ, ಮೊಣಕಾಲು ನೋಯುತ್ತಿದ್ದರೆ ತಲೆಗೆ ಹೋಗುವುದಿಲ್ಲ. ಅಮೆರಿಕದ ಬಾಸ್ಟನ್ ನಗರದ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬವರು ಇದನ್ನು ಬಹಳ ಹಿಂದೆಯೇ ತೋರಿಸಿಕೊಟ್ಟರು. ಒಬ್ಬ ವ್ಯಕ್ತಿಗೆ ಮ್ಯೂಸಿಯಂನ ವಸ್ತುಗಳ ಬಗ್ಗೆ ಪ್ರಶ್ನೆಗಳನ್ನು ಕೊಟ್ಟು, ನೋಡಿ ಉತ್ತರ ಹೇಳಲು ಹೇಳಿದರು. ಅವನು ಉತ್ತರ ಹುಡುಕುವಾಗಿನ ಭಂಗಿಗಳ ಫೋಟೊ ತೆಗೆಸಿದರು. ಒಂದರಲ್ಲಿ ಅವನು ಸೊಂಟ ಬಗ್ಗಿಸಿದ್ದಾನೆ, ಇನ್ನೊಂದರಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ, ಮತ್ತೊಂದರಲ್ಲಿ ಕತ್ತು ಚಾಚಿದ್ದಾನೆ. 1916ರಲ್ಲಿ ಪ್ರಕಟವಾದ ಆ ಬರಹದಲ್ಲಿ ಅವರು ಈ ಸುಸ್ತಿಗೆ ‘ಮ್ಯೂಸಿಯಂ ದಣಿವು’ ಎಂಬ ಅರ್ಥದ ಹೆಸರು ಕೊಟ್ಟರು. ತಪ್ಪು ನೋಡುವವನದಲ್ಲ, ವಸ್ತುಗಳನ್ನು ಜೋಡಿಸಿಟ್ಟ ರೀತಿಯದು ಎಂಬುದು ಅವರ ವಾದ.

ಹಳೆಯ ಕಟ್ಟಡಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅವನ್ನು ಕಟ್ಟಿದ್ದು ರಾಜರಿಗೆ, ಅಧಿಕಾರಿಗಳಿಗೆ, ಕೈದಿಗಳಿಗೆ. ರಜೆಯ ದಿನ ಬರುವ ಜನಜಂಗುಳಿಗಲ್ಲ. ಮೆಟ್ಟಿಲು ಕಡಿದು, ಹೊಸ್ತಿಲು ಎತ್ತರ, ಓಣಿ ಕಿರಿದು. ಲಿಫ್ಟ್ ಕೂರಿಸಬೇಕೆಂದರೆ ಹಳೆಯ ಗಾರೆಗೋಡೆ ಒಡೆಯಬೇಕು. ಒಡೆದರೆ ಪರಂಪರೆ ಹಾಳು, ಒಡೆಯದಿದ್ದರೆ ಗಾಲಿಕುರ್ಚಿಯ ಅಜ್ಜನಿಗೆ ಮೇಲಿನ ಮಹಡಿ ಇಲ್ಲ.

ಇದಕ್ಕೆ ಒಂದು ದಾರಿ ಬೆಂಗಳೂರಿನ ಅರಮನೆ ರಸ್ತೆಯಲ್ಲಿ ಕಾಣಿಸುತ್ತದೆ. ಮಾಣಿಕ್ಯವೇಲು ಮ್ಯಾನ್ಷನ್ ಎಂಬ ಹಳೆಯ ಬಂಗಲೆ 2009ರ ಫೆಬ್ರವರಿಯಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿದೆ. ಬಂಗಲೆಯನ್ನೇ ಒಡೆದು ಹಿಗ್ಗಿಸುವ ಬದಲು ಪಕ್ಕಕ್ಕೆ ಹೊಸ ಗ್ಯಾಲರಿ ಕಟ್ಟಡ ಸೇರಿಸಿದರು. ಆವರಣದಲ್ಲಿ ದೊಡ್ಡ ದೊಡ್ಡ ಮರಗಳು ಉಳಿದಿವೆ. ಚಿತ್ರ ನೋಡಿ ಕಣ್ಣು ದಣಿದವರು ಹೊರಗೆ ಬಂದು ಮರದ ನೆರಳಲ್ಲಿ ಕಾಲು ಚಾಚಬಹುದು. ಆ ಅರ್ಧ ಗಂಟೆಯ ವಿಶ್ರಾಂತಿಯೂ ಭೇಟಿಯ ಭಾಗವೇ.

ಬೆಂಚು, ಕುಡಿಯುವ ನೀರು, ಚೊಕ್ಕಟವಾದ ಶೌಚಾಲಯ, ದಪ್ಪ ಅಕ್ಷರದ ಕನ್ನಡ ಫಲಕ, ಮೆಟ್ಟಿಲಿಗೊಂದು ಹಿಡಿಕಂಬಿ. ಇವುಗಳಿಗೆ ಕೋಟಿ ರೂಪಾಯಿ ಬೇಡ. ಆದರೆ ಇವು ಇಲ್ಲದ ಕಡೆ ಅಜ್ಜಿ ಬಾಗಿಲ ಬಳಿಯೇ ಕೂತುಬಿಡುತ್ತಾಳೆ, “ನೀವು ನೋಡಿ ಬನ್ನಿ” ಎನ್ನುತ್ತಾಳೆ. ಗೈಡ್ ಹೊರಗುಳಿದಂತಾಯಿತು!

ರೈಲು ಹೋದರೂ ಗಡಿಯಾರ ಉಳಿಯಿತು

ನಮ್ಮಲ್ಲಷ್ಟೇ ಅಲ್ಲ, ಹೊರದೇಶಗಳಲ್ಲೂ ಈ ಪ್ರಶ್ನೆ ಇದೆ. ಪ್ಯಾರಿಸ್ ನಗರದಲ್ಲಿ 1900ರ ವಿಶ್ವ ಪ್ರದರ್ಶನಕ್ಕೆಂದು ಓರ್ಸೆ ಎಂಬ ರೈಲು ನಿಲ್ದಾಣ ಕಟ್ಟಿದರು. ಬರುಬರುತ್ತಾ ರೈಲುಗಳು ಉದ್ದವಾದವು, ಪ್ಲಾಟ್‌ಫಾರಂ ಸಾಲದಾಯಿತು. 1939ರ ಹೊತ್ತಿಗೆ ದೂರದ ರೈಲುಗಳು ಅಲ್ಲಿಗೆ ಬರುವುದು ನಿಂತಿತು. ಕೆಡವಿ ಹೋಟೆಲ್ ಕಟ್ಟುವ ಯೋಚನೆಯೂ ಇತ್ತು. ಕೊನೆಗೆ 1986ರಲ್ಲಿ ಅದು ಕಲಾ ಮ್ಯೂಸಿಯಂ ಆಯಿತು. ಇಂದು ಜಗತ್ತಿನ ಹೆಸರಾಂತ ಮ್ಯೂಸಿಯಂಗಳಲ್ಲಿ ಅದೂ ಒಂದು.

ಅಲ್ಲಿ ನಿಲ್ದಾಣದ ದೊಡ್ಡ ಗಡಿಯಾರಗಳನ್ನು ತೆಗೆಯಲಿಲ್ಲ. ಒಂದು ಗಡಿಯಾರದ ಗಾಜಿನ ಹಿಂದೆ ನಿಂತರೆ ಅಂಕಿಗಳ ನಡುವಿನಿಂದ ಊರು ಕಾಣುತ್ತದೆ. ಪ್ರಸಿದ್ಧ ಚಿತ್ರಗಳನ್ನು ನೋಡಲು ಹೋದವರು ಆ ಗಡಿಯಾರದ ಮುಂದೆಯೂ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇದು ಒಮ್ಮೆ ರೈಲು ನಿಲ್ದಾಣವಾಗಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಬಂದವರ ಪಾಲೂ ಇದೆ

ಬಂದವರನ್ನು ಮೆಚ್ಚಿಸುವುದೇ ಗುರಿಯಾದರೆ ಇನ್ನೊಂದು ಅಪಾಯ. ಸೆಲ್ಫಿಗೆ ಚೆನ್ನಾಗಿ ಕಾಣಲೆಂದು ಹಳೆಯ ಗೋಡೆಗೆ ಹೊಳೆಯುವ ಬಣ್ಣ ಬಳಿಯುವುದು, ಜೈಲಿನ ಕೋಣೆಗೆ ಬಣ್ಣಬಣ್ಣದ ದೀಪ ಹಾಕುವುದು ಸುಲಭ. ಜನ ಆ ದಿನ ಖುಷಿಪಟ್ಟಾರು, ಆದರೆ ಕಟ್ಟಡ ತನ್ನ ಕತೆಯನ್ನೇ ಕಳೆದುಕೊಳ್ಳುತ್ತದೆ. ಜೈಲು ಕೊಂಚ ಜೈಲಿನಂತೆ ಇರಬೇಕು. ಅದನ್ನು ನೋಡಿದ ಮಗುವಿನ ಮುಖ ಒಂದು ಕ್ಷಣ ಗಂಭೀರವಾದರೆ ನಷ್ಟವೇನಿಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ಗೋಡೆಯ ಮೇಲೆ ಹೆಸರು ಕೆತ್ತುವುದು, ಭಿತ್ತಿಚಿತ್ರ ಮುಟ್ಟಿ ನೋಡುವುದು, ಚಿಪ್ಸ್ ಪೊಟ್ಟಣ ಮೂಲೆಗೆ ಎಸೆಯುವುದು ನಮ್ಮ ನಂತರ ಬರುವವರ ಸಂತೋಷವನ್ನು ಕಿತ್ತುಕೊಂಡಂತೆ. ಹೊರಡುವ ಮೊದಲು ಅಲ್ಲಿನ ವೇಳೆ ವಿಚಾರಿಸಿಕೊಳ್ಳಿ. ವಯಸ್ಸಾದ ಕಟ್ಟಡಗಳಿಗೆ ಆಗಾಗ ದುರಸ್ತಿ ಬೇಕಾಗುತ್ತದೆ, ಬಾಗಿಲು ಮುಚ್ಚಿರಲೂಬಹುದು.

ಹೆಚ್ಚಿನ ಕಡೆ ಬಾಗಿಲ ಬಳಿ ಅಭಿಪ್ರಾಯ ಬರೆಯುವ ಪುಸ್ತಕವಿರುತ್ತದೆ. ನಾವು ಅದರಲ್ಲಿ ‘ತುಂಬಾ ಚೆನ್ನಾಗಿದೆ’ ಎಂದು ಬರೆದು ಸಹಿ ಹಾಕಿ ಬರುತ್ತೇವೆ. ಅದರಿಂದ ನಡೆಸುವವರಿಗೆ ಏನೂ ತಿಳಿಯುವುದಿಲ್ಲ. ‘ಎರಡನೆಯ ಕೋಣೆಯ ಫಲಕ ಮಕ್ಕಳ ಎತ್ತರಕ್ಕೆ ಸಿಗುವುದಿಲ್ಲ’, ‘ಮೇಲಿನ ಮಹಡಿಯಲ್ಲಿ ಒಂದು ಬೆಂಚು ಬೇಕು’ ಎಂದು ಬರೆದರೆ ಯಾರಾದರೂ ಸರಿಪಡಿಸಬಹುದು. ಅಜ್ಜ-ಅಜ್ಜಿಯರೇ, ನಿಮಗೆ ಆ ಕಟ್ಟಡದ ಹಳೆಯ ನೆನಪಿದ್ದರೆ ಅದನ್ನೂ ಇಸವಿಯ ಸಮೇತ ನಾಲ್ಕು ಸಾಲು ಬರೆಯಿರಿ. ಕೈ ನಡುಗುತ್ತಿದ್ದರೆ ನೀವು ಹೇಳಿ, ಮೊಮ್ಮಕ್ಕಳು ಬರೆಯಲಿ.

ಚೀಲದಲ್ಲಿ ಐದು ಪ್ರಶ್ನೆ

ಮುಂದಿನ ರಜೆಯಲ್ಲಿ ನಿಮ್ಮೂರಿನ ಹಳೆಯ ಕಟ್ಟಡವೊಂದಕ್ಕೆ ಹೋಗುವಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಉತ್ತರವನ್ನು ಅಜ್ಜ ಅಥವಾ ಅಜ್ಜಿ ಒಬ್ಬರು, ಮೊಮ್ಮಕ್ಕಳು ಒಬ್ಬರು ಬೇರೆಬೇರೆಯಾಗಿ ಬರೆಯಬೇಕು. ನೋಡಿಕೊಂಡು ಬರೆಯುವಂತಿಲ್ಲ!

1. ಈ ಕಟ್ಟಡ ಮೊದಲು ಏನಾಗಿತ್ತು? ಅದು ಗೊತ್ತಾದದ್ದು ಯಾವುದನ್ನು ನೋಡಿ?

2. ಹಳೆಯ ಕೆಲಸದ ಗುರುತು ಎಷ್ಟು ಕಂಡಿರಿ? (ಕಿಟಕಿಯ ಕಂಬಿ, ಗಂಟೆ, ಬಾವಿ, ಕೊಕ್ಕೆ, ಏನಾದರೂ ಸರಿ.)

3. ಹೆಚ್ಚು ಹೊತ್ತು ನಿಂತದ್ದು ಎಲ್ಲಿ? ಯಾಕೆ?

4. ಕಾಲು ನೋವು ಮೊದಲು ಶುರುವಾದದ್ದು ಎಲ್ಲಿ? ಅಲ್ಲಿ ಕೂರಲು ಜಾಗವಿತ್ತೇ?

5. ಮನೆಗೆ ಹೋಗಿ ಒಂದೇ ಒಂದು ವಿಷಯ ಹೇಳಬೇಕೆಂದರೆ ಏನು ಹೇಳುತ್ತೀರಿ?

ಬಸ್ಸಿನಲ್ಲಿ ವಾಪಸು ಬರುವಾಗ ಎರಡೂ ಚೀಟಿ ಬಿಚ್ಚಿ ಒಟ್ಟಿಗೆ ಓದಿ. ಐದನೆಯ ಪ್ರಶ್ನೆಗೆ ಇಬ್ಬರ ಉತ್ತರವೂ ಖಾಲಿಯಿದ್ದರೆ ಆ ಕಟ್ಟಡ ತನ್ನ ಹೊಸ ಕೆಲಸವನ್ನು ಇನ್ನೂ ಕಲಿಯಬೇಕಿದೆ ಎಂದು ತಿಳಿಯಿರಿ. ಇಬ್ಬರ ಉತ್ತರವೂ ಬೇರೆಬೇರೆಯಾಗಿ, ಯಾರದು ಸರಿ ಎಂದು ಮನೆ ತಲುಪುವವರೆಗೂ ವಾದ ನಡೆದರೆ ಟಿಕೆಟ್ಟಿನ ದುಡ್ಡು ವಸೂಲಾಯಿತು.